ಹಗ್ಗದ ಆಚೆ ತುದಿ

ಒಡ್ಡುನಾಡು ಪಡುಗಡಲ ಒಕ್ಕೂಟವನ್ನು ಬಿಡುವ ದಿನ ವಾರಿಜಾ ತಿಂಗಳಾಯಳ ಮನೆಯಲ್ಲಿ ಜಗಳ ಶುರುವಾದದ್ದು ದೇಶದ ವಿಷಯಕ್ಕಲ್ಲ, ಬಂಗುಡೆ ಸಾರಿಗೆ ಹುಳಿ ಹೆಚ್ಚಾದ ವಿಷಯಕ್ಕೆ. ಆದರೆ ಈಚೆಗೆ ಆ ಮನೆಯಲ್ಲಿ ಜಗಳ ಎಲ್ಲಿ ಹುಟ್ಟಿದರೂ ಹೋಗಿ ಮುಟ್ಟುತ್ತಿದ್ದುದು ಒಂದೇ ಕಡೆಗೆ.

"ಹುಳಿ ಕಡಿಮೆ ಮಾಡ್ಲಿಕ್ಕೆ ಒಕ್ಕೂಟದ ಪರ್ಮಿಶನ್ ಬೇಕಾ ಅಂತ ಅವಳ ಹತ್ರ ಕೇಳಮ್ಮ," ಎಂದ ಗಂಡ ದಾಮೋದರ ತನ್ನ ತಾಯಿಗೆ, ಬಟ್ಟಲಿನಿಂದ ತಲೆ ಎತ್ತದೆ.

"ಸಂಜೆ ಏಳು ಗಂಟೆ ಆಗ್ಲಿ. ಆಮೇಲೆ ಹುಳಿ, ಖಾರ ಎಲ್ಲ ನಿಮ್ಮ ಇಷ್ಟದ್ದೇ," ಎಂದಳು ವಾರಿಜಾ.

ಆತ ನಗಲಿಲ್ಲ. ಮೊದಲಾದರೆ ಇಂಥ ಮಾತಿಗೆ ನಗುತ್ತಿದ್ದ.

ಒಡ್ಡುನಾಡು ಎಂದರೆ ಕಡಲೊಳಗಿನ ಒಂದು ಗೋಡೆ ಮತ್ತು ಆ ಗೋಡೆಯೊಳಗಿನ ಜನ. ಅಜ್ಜಂದಿರ ಕಾಲದಲ್ಲಿ ಕಡಲು ಏರಿ ಹಳೆಯ ಕರಾವಳಿ ಮುಳುಗಿದಾಗ, ಘಟ್ಟ ಹತ್ತಿ ಹೋಗಲು ಒಪ್ಪದ ಮೀನುಗಾರರು ತಗ್ಗು ನೀರಿನಲ್ಲಿ ಸುತ್ತಲೂ ಒಡ್ಡು ಕಟ್ಟಿ, ಒಳಗಿನ ನೀರನ್ನು ಹೊರಗೆ ಎತ್ತಿ ಹಾಕಿ, ಕೆಸರಿನ ಮೇಲೆ ಊರು ಕಟ್ಟಿಕೊಂಡರು. ಊರಿನ ನೆಲ ಕಡಲಿಗಿಂತ ಕೆಳಗೆ. ಒಡ್ಡಿನ ಹೊಟ್ಟೆಯಲ್ಲಿ ಕೊರೆದ ಸುರಂಗಗಳಲ್ಲಿ ಪಂಪುಗಳು ಹಗಲಿರುಳೂ ಓಡಬೇಕು. ಅಂಥ ಒಂದು ಸುರಂಗಕ್ಕೆ ದಾಮೋದರ ಮೇಸ್ತ್ರಿ. ಪಂಪು ಓಡಿಸುವ ಕರೆಂಟಿನಲ್ಲಿ ಅರ್ಧ ನಾಡಿನದೇ ಅಲೆಯಂತ್ರಗಳಿಂದ ಬರುತ್ತಿತ್ತು. ಉಳಿದರ್ಧ ಕಡಲ ತಳದ ಕೇಬಲ್ಲಿನಲ್ಲಿ, ಒಡ್ಡುನಾಡೂ ಸೇರಿ ಹನ್ನೊಂದು ದೇಶಗಳ ಒಕ್ಕೂಟದಿಂದ ಬರುತ್ತಿತ್ತು.

ಒಕ್ಕೂಟ ಕೆಟ್ಟದ್ದೆಂದು ಹೇಳಿದರೆ ಬಾಯಿಗೆ ಹುಳ ಬಿದ್ದೀತು. ಒಡ್ಡಿಗೆ ಸಿಮೆಂಟು ಕೊಟ್ಟದ್ದು ಅದು, ಮಕ್ಕಳಿಗೆ ಲಸಿಕೆ ಕೊಟ್ಟದ್ದು ಅದು. ಆದರೆ ಕೊಟ್ಟವರಿಗೆ ಕೊಟ್ಟದ್ದು ಮರೆಯುವುದಿಲ್ಲವಲ್ಲ. ಎಷ್ಟು ಮೀನು ಹಿಡಿಯಬೇಕು, ಎಷ್ಟು ಅಲೆಯಂತ್ರ ಹೂಡಬೇಕು ಎಂಬುದನ್ನೆಲ್ಲ ಎಲ್ಲೋ ಕೂತವರು ನಿರ್ಧರಿಸುತ್ತಿದ್ದರು. ಎರಡು ಬೇಸಿಗೆಯ ಹಿಂದೆ ಮೀನಿನ ತಕರಾರಿನಲ್ಲಿ ಒಡ್ಡುನಾಡು ಹಟ ಹಿಡಿದಾಗ, ಒಕ್ಕೂಟ ಶಿಕ್ಷೆಯೆಂದು ಒಂದು ವಾರ ಕೇಬಲ್ಲಿನ ಕರೆಂಟು ಇಳಿಸಿತು. ಪಂಪು ನಿಲ್ಲಲಿಲ್ಲ, ಫ್ಯಾನು ನಿಂತಿತು. ಆ ಧಗೆಯಲ್ಲಿ ವಾರಿಜಾಳ ಅತ್ತೆ ಲಚ್ಚಕ್ಕ ಒದ್ದೆ ಸೀರೆ ಹೊದ್ದು ಬರಿನೆಲದ ಮೇಲೆ ಮಲಗಿದ್ದಳು. ಆ ವಾರವೇ ಈ ದಿನವನ್ನು ತಂದದ್ದು. ಓಟು ನಡೆಯಿತು, ಕೂದಲೆಳೆಯಲ್ಲಿ ಬಿಡುವವರು ಗೆದ್ದರು.

ದಾಮೋದರ ಬಿಡುವವರ ಪರ ಗಂಟಲು ಹರಿದುಕೊಂಡಿದ್ದ. ವಾರಿಜಾ ಯಾವುದಕ್ಕೆ ಓಟು ಹಾಕಿದಳೆಂದು ಬಾಯಿ ಬಿಟ್ಟಿರಲಿಲ್ಲ. ಅವಳು ವಿದ್ಯುತ್ ನಿಯಂತ್ರಣ ಕೇಂದ್ರದ ಎಂಜಿನಿಯರು, ದಿನಾ ಒಕ್ಕೂಟದವರ ಜೊತೆ ಫೋನಿನಲ್ಲಿ ಮಾತಾಡುವವಳು. ಹಾಗಾಗಿ ಅವಳ ಓಟು ಯಾವ ಕಡೆಗೆಂದು ಬೀದಿಗೆ ಬೀದಿಯೇ ತೀರ್ಮಾನಿಸಿಬಿಟ್ಟಿತ್ತು.

ಲಚ್ಚಕ್ಕ ಜಗಲಿಯಲ್ಲಿ ಕೂತು ಸರಕಾರ ಮನೆಮನೆಗೆ ಹಂಚಿದ ದೀಪದ ಕಂಬವನ್ನು ಒರೆಸುತ್ತಿದ್ದಳು. ನೋಡಲು ಕಾಲುದೀಪದ ಹಾಗೆ, ಉರಿಯುವುದು ಕರೆಂಟಿನಲ್ಲಿ. ದೀಪ ಹಚ್ಚುವ ಹೊತ್ತಿಗೆ, ಸರಿಯಾಗಿ ಏಳಕ್ಕೆ, ಇಂಧನ ಮಂತ್ರಿಗಳು ಮೈದಾನದಲ್ಲಿ ಹಿತ್ತಾಳೆಯ ಹಿಡಿಕೆಯೊಂದನ್ನು ಎಳೆಯುವುದು, ಕೇಬಲ್ಲಿನ ಕೊಂಡಿ ಕಳಚುವುದು, ಅದೇ ಕ್ಷಣ ನಾಡಿನ ಪ್ರತಿ ಮನೆಯಲ್ಲೂ ಸ್ವಂತ ಕರೆಂಟಿನ ದೀಪ ಬೆಳಗುವುದು ಎಂದು ಕಾರ್ಯಕ್ರಮ. ಇದರ ಲೆಕ್ಕ ಮಾಡಿದವಳು ವಾರಿಜಾಳೇ. ಆ ಹೊತ್ತಿಗೆ ಊರಿನ ಲೈಟೆಲ್ಲ ಹೇಗೂ ಉರಿಯುತ್ತಿರುತ್ತದೆ, ಇದೊಂದು ದೀಪ ಹೆಚ್ಚಾದರೆ ಅಲೆಯಂತ್ರಗಳು ತಡೆದುಕೊಳ್ಳುತ್ತವೆ ಎಂದು ಅವಳು ಒಪ್ಪಿಗೆ ಕೊಟ್ಟಿದ್ದಳು.

"ಅದಕ್ಕೆ ಮೊದ್ಲು ಮನೆಯ ಲೈಟೆಲ್ಲ ಬಂದ್ ಮಾಡ್ಬೇಕು ಆಯ್ತಾ," ಎಂದಳು ಲಚ್ಚಕ್ಕ. "ಬೆಳಕಿನ ಒಳಗೆ ದೀಪ ಹಚ್ಚಿದ್ರೆ ಯಾರಿಗೆ ಕಾಣ್ತದೆ?"

"ಹ್ಞೂಂ," ಎಂದಳು ವಾರಿಜಾ. ಅವಳು ಆಗ ತನ್ನ ಗುರುತಿನ ಕಾರ್ಡು ಹುಡುಕುತ್ತಿದ್ದಳು. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ದಾಮೋದರ ಇನ್ನೊಂದು ದೀಪದ ಕಂಬವನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

"ಅದನ್ನೆಂತಕ್ಕೆ ತಗೊಂಡು ಹೋಗುದು?"

"ನಮ್ಮ ಹುಡುಗರು ಹಚ್ಚುದು ಬೇಡ್ವಾ?"

"ಬಾಗಿಲಿನ ಹೊರಗೆ ಹಚ್ಚಿ."

ಆತ ಕೈ ಬೀಸಿ ಮಾತು ತಳ್ಳಿಹಾಕಿದ. ಬಾಗಿಲು ಎಂದರೆ ಸುರಂಗದ ಬಾಯಿಯ ಕಬ್ಬಿಣದ ಬಾಗಿಲು. ಅದನ್ನು ಎತ್ತಿ ಹಿಡಿದಿರುವುದು ಕರೆಂಟು. ಕರೆಂಟು ಹೋದರೆ ತನ್ನ ಭಾರಕ್ಕೆ ತಾನೇ ಬಿದ್ದು ಮುಚ್ಚಿಕೊಳ್ಳುತ್ತದೆ. ಪಂಪು ನಿಂತಾಗ ಸುರಂಗಕ್ಕೆ ನುಗ್ಗುವ ನೀರು ಊರಿಗೆ ಬರಬಾರದೆಂದು ಹಿರಿಯರು ಹಾಗೆ ಮಾಡಿಟ್ಟಿದ್ದರು. ಒಳಗಿದ್ದವರ ಬಗ್ಗೆ ಅವರು ಹೆಚ್ಚು ಯೋಚಿಸಿದಂತಿಲ್ಲ. ವಾರಿಜಾ ಚಿಕ್ಕವಳಿದ್ದಾಗ ಒಮ್ಮೆ ಹಾಗೆ ಬಾಗಿಲು ಬಿದ್ದು, ಮರುದಿನ ಎರಡು ಹೆಣ ಹೊರಗೆ ತಂದಿದ್ದರು. ಅಂದಿನಿಂದ ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಜನ ಬಾಗಿಲು ದಾಟಬಾರದೆಂದು ನಿಯಮ.

ಮೆಟ್ಟಿಲಿಳಿದವನು ತಿರುಗಿ ನಿಂತ. "ಯಾವುದಕ್ಕೆ ಓಟು ಹಾಕಿದ್ದು ಅಂತ ಇವತ್ತಾದ್ರೂ ಹೇಳ್ಬಹುದಲ್ಲ."

"ಓಟು ಗುಟ್ಟಿನದ್ದು."

"ಗಂಡನ ಹತ್ರವೂ ಗುಟ್ಟಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ.

ನಿಯಂತ್ರಣ ಕೇಂದ್ರದಲ್ಲಿ ಎದುರು ಗೋಡೆಯ ತುಂಬ ಒಂದು ದೊಡ್ಡ ಮಾಪಕ, ಅದರಲ್ಲಿ ಕರೆಂಟಿನ ತಾಳ ತೋರಿಸುವ ಮುಳ್ಳು. ಹನ್ನೊಂದು ದೇಶಗಳ ಯಂತ್ರಗಳೆಲ್ಲ ಒಂದೇ ತಾಳಕ್ಕೆ ತಿರುಗುತ್ತವೆ. ಕರೆಂಟಿನ ಮಿಡಿತ ಸೆಕೆಂಡಿಗೆ ಐವತ್ತು. ಜನ ಉರಿಸುವುದು ಹೆಚ್ಚಾದರೆ ತಾಳ ನಿಧಾನವಾಗುತ್ತದೆ, ಕಡಿಮೆಯಾದರೆ ಚುರುಕಾಗುತ್ತದೆ. ಹನ್ನೊಂದು ದೇಶ ಕೂಡಿ ಎಳೆಯುವಾಗ ಒಬ್ಬ ಮುಗ್ಗರಿಸಿದರೆ ಉಳಿದವರು ಗೊತ್ತಾಗದ ಹಾಗೆ ಭಾರ ಹೊರುತ್ತಾರೆ. ಒಬ್ಬನೇ ಎಳೆಯುವಾಗ ಹಾಗಲ್ಲ. ತಾಳ ತೀರ ಇಳಿದರೆ ಯಂತ್ರಗಳು ತಮ್ಮ ಜೀವ ಉಳಿಸಿಕೊಳ್ಳಲು ಒಂದೊಂದಾಗಿ ಕಳಚಿಕೊಳ್ಳುತ್ತವೆ, ಅಲ್ಲಿಗೆ ನಾಡೇ ಕತ್ತಲು.

ಕೇಬಲ್ಲಿನ ಆಚೆ ತುದಿಯಲ್ಲಿ, ಒಕ್ಕೂಟದ ತೆಂಕಣ ಕೇಂದ್ರದಲ್ಲಿ, ಉಮರಬ್ಬ ಎಂಬವರಿದ್ದರು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ, ಆದರೆ ವಾರಿಜಾಳ ಕೆಲಸದ ಆಯುಷ್ಯವೆಲ್ಲ ಆ ಸ್ವರದ ಜೊತೆ ಕಳೆದಿತ್ತು. ಕರಾವಳಿ ಮುಳುಗಿದಾಗ ಉಮರಬ್ಬರ ಹಿರಿಯರು ತೆಂಕಲಿಗೆ ಹೋದರು, ವಾರಿಜಾಳ ಹಿರಿಯರು ಒಡ್ಡು ಕಟ್ಟಿದರು. ಅದಕ್ಕೂ ಮೊದಲು ಇಬ್ಬರ ಅಜ್ಜಂದಿರೂ ಒಂದೇ ದಡದಲ್ಲಿ ರಂಪಣಿ ಎಳೆದವರು. ರಂಪಣಿ ಎಂದರೆ ಊರಿಡೀ ಸೇರಿ ಎಳೆಯುವ ದೊಡ್ಡ ಬಲೆ. ಹಗ್ಗದ ಎರಡು ತುದಿಗಳನ್ನು ದಡದ ಎರಡು ಕಡೆ ಎರಡು ಗುಂಪು ಹಿಡಿದಿರುತ್ತದೆ. ಒಂದು ಕಡೆಯವರು ಸುಮ್ಮನೆ ಕೈ ಬಿಟ್ಟರೆ ಇನ್ನೊಂದು ಕಡೆಯವರು ಮಕಾಡೆ ಬೀಳುತ್ತಾರೆ. ಅದಕ್ಕೆ ಬಿಡುವ ಮೊದಲು 'ಬಿಡ್ಲಾ?' ಎಂದು ಕೂಗಿ ಕೇಳಬೇಕು, ಆಚೆಯಿಂದ 'ಬಿಡು' ಎಂದು ಬಂದ ಮೇಲೇ ಕೈ ಸಡಿಲಿಸಬೇಕು. ಇವರಿಬ್ಬರೂ ತಮಾಷೆಗೆಂದು ಆ ಮಾತನ್ನು ಕರೆಂಟಿಗೆ ತಂದಿದ್ದರು, ಈಗ ಅದಿಲ್ಲದೆ ಒಂದು ಸ್ವಿಚ್ಚನ್ನೂ ಮುಟ್ಟುತ್ತಿರಲಿಲ್ಲ.

"ಏಳಕ್ಕೆ ನನ್ನ ಕಡೆಯಿಂದಲೂ ಕಳಚ್ಬೇಕು ಅಂತ ಆರ್ಡರ್ ಉಂಟು ವಾರಿಜಕ್ಕ," ಎಂದರು ಉಮರಬ್ಬ. "ಈ ಸಲ ಕೇಳ್ಲಿಕ್ಕೂ ಇಲ್ಲ, ಹೇಳ್ಲಿಕ್ಕೂ ಇಲ್ಲ."

"ನಮಗೂ ಹಾಗೇ ಉಂಟು," ಎಂದಳು. ಪಕ್ಕದ ಮೇಜಿನ ಫೆಲ್ಸಿ ಡಿಮೆಲ್ಲೊ, ಅವಳದೇ ಓರಗೆಯ ಎಂಜಿನಿಯರು, ಬೇರೆಲ್ಲೋ ನೋಡುವ ಹಾಗೆ ಮಾಡಿದಳು.

ಹೊತ್ತು ಮುಳುಗಿತು. ಟೀವಿಯಲ್ಲಿ ಮೈದಾನ, ಜನಸಾಗರ, ಹಿತ್ತಾಳೆಯ ಹಿಡಿಕೆ. ಇನ್ನೇನು ಕಾಲು ಗಂಟೆ ಇದೆ ಎನ್ನುವಾಗ ಗೋಡೆಯ ಮುಳ್ಳು ಮೇಲಕ್ಕೆ ಏರತೊಡಗಿತು.

"ಎಂತ ಇದು? ಲೋಡು ಬೀಳ್ತಾ ಉಂಟಲ್ಲ," ಎಂದಳು ವಾರಿಜಾ. ಲೋಡು ಏರುವುದಕ್ಕೆ ತಯಾರಾಗಿ ಕೂತವರಿಗೆ ಅದು ಇಳಿಯುವುದು ಕಂಡಿತ್ತು. ಉತ್ತರದ ಕೇರಿ, ಬಂದರಿನ ಕೇರಿ, ಚರ್ಚಿನ ಹಿಂದಿನ ಓಣಿಗಳು, ಒಂದಾದ ಮೇಲೊಂದರಂತೆ ಊರು ಕರೆಂಟು ಉರಿಸುವುದನ್ನು ಬಿಡುತ್ತಿತ್ತು. ಫೆಲ್ಸಿ ಎದ್ದು ಕಿಟಕಿಯ ಪರದೆ ಸರಿಸಿದಳು. ಹೊರಗೆ ಊರೇ ಇರಲಿಲ್ಲ.

"ಲೈಟ್ ಬಂದ್ ಮಾಡ್ತಾ ಇದ್ದಾರೆ ಮಾರಾಯ್ತಿ. ಕತ್ತಲೆ ಇಲ್ಲದೆ ದೀಪ ಹಚ್ಚುದು ಹೇಗೆ? ನಮ್ಮ ಮನೆಯಲ್ಲೂ ಮಾಡಿರ್ತಾರೆ."

ವಾರಿಜಾಳಿಗೆ ಅತ್ತೆಯ ಮಾತು ಆಗ ತಲೆಗೆ ಹೋಯಿತು. ಯಾರೂ ಹೇಳಿಕೊಟ್ಟದ್ದಲ್ಲ, ಯಾವ ಸುತ್ತೋಲೆಯಲ್ಲೂ ಇದ್ದದ್ದಲ್ಲ. ಮುಸ್ಸಂಜೆ ದೀಪ ಹಚ್ಚುವ ಮನೆಯಲ್ಲಿ ಬೆಳೆದ ಯಾರಿಗಾದರೂ ಹೊಳೆಯಬೇಕಾದದ್ದು, ಅಂಥ ಮನೆಯಲ್ಲೇ ಬೆಳೆದ ಅವಳಿಗೆ ಹೊಳೆದಿರಲಿಲ್ಲ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

ಕೆಲಸವಿಲ್ಲದ ಅಲೆಯಂತ್ರಗಳು ಹುಚ್ಚು ಹಿಡಿದ ಹಾಗೆ ತಿರುಗಬಾರದೆಂದು ತಾವಾಗಿಯೇ ರೆಕ್ಕೆ ಮಡಚುತ್ತಿದ್ದವು. ಮಡಚಿದ ರೆಕ್ಕೆ ಮತ್ತೆ ಬಿಚ್ಚಲು ಹತ್ತು ಹದಿನೈದು ನಿಮಿಷ ಬೇಕು. ಏಳಕ್ಕೆ ಸರಿಯಾಗಿ ಕೇಬಲ್ಲು ಕಳಚುತ್ತದೆ. ಅದೇ ಕ್ಷಣ ಇಡೀ ಊರು, ದೀಪದ ಜೊತೆ ಬಂದ್ ಮಾಡಿದ್ದನ್ನೂ ಸೇರಿಸಿ, ಒಟ್ಟಿಗೆ ಸ್ವಿಚ್ಚು ಒತ್ತುತ್ತದೆ. ಆ ಭಾರ ಹೊರಲು ಯಾರೂ ಇರುವುದಿಲ್ಲ.

"ಊರಿನ ಲೈನು ನಾವೇ ತೆಗೆದ್ರೆ? ನಿಧಾನಕ್ಕೆ ಒಂದೊಂದೇ ಕೊಡುವ," ಎಂದಳು ಫೆಲ್ಸಿ.

"ಸುರಂಗದ ಬಾಗಿಲು ಯಾವ ಲೈನಿನಲ್ಲಿರುದು?"

ಪ್ರತಿ ಕೇರಿಯ ಮನೆಗಳಿಗೂ ಆ ಕೇರಿಯ ಪಂಪು, ಬಾಗಿಲುಗಳಿಗೂ ಒಂದೇ ಲೈನು. ಮನೆಗೆ ಕೊಡದಿದ್ದರೆ ಬಾಗಿಲಿಗೂ ಇಲ್ಲ.

ವಾರಿಜಾ ಮಂತ್ರಿಗಳ ಕಾರ್ಯದರ್ಶಿ ಲೋಹಿತಾಶ್ವ ಬಂಗೇರರಿಗೆ ಫೋನು ಮಾಡಿದಳು. ಹಿನ್ನೆಲೆಯಲ್ಲಿ ಬ್ಯಾಂಡಿನ ಸದ್ದು.

"ಸರ್, ಅರ್ಧ ಗಂಟೆ ಮುಂದೆ ಹಾಕ್ಬೇಕು. ಈಗ ಎಳೆದ್ರೆ ಪಂಪು ನಿಲ್ತದೆ."

"ನೀವೇ ಅಲ್ವಾ ಏನೂ ಆಗುದಿಲ್ಲ ಅಂತ ಬರ್ಕೊಟ್ಟದ್ದು?"

"ನನ್ನದು ತಪ್ಪಾಯ್ತು ಸರ್. ಜನ ಲೈಟ್ ಬಂದ್ ಮಾಡ್ತಾರೆ ಅಂತ ನಾನು ಎಣಿಸಿರ್ಲಿಲ್ಲ."

"ಹತ್ತು ದೇಶ ಟೀವಿಯಲ್ಲಿ ನೋಡ್ತಾ ಉಂಟು. ತಡ ಮಾಡಿದ್ರೆ ಅವರು ನಗಾಡ್ತಾರೆ. ಅಲ್ಲ, ನಿಮಗೆ ಯಾರು ಫೋನ್ ಮಾಡ್ಲಿಕ್ಕೆ ಹೇಳಿದ್ದು? ತೆಂಕಣ ಕೇಂದ್ರದವರಾ?" ಎಂದು ಕೇಳಿ ಬಂಗೇರರು ಫೋನಿಟ್ಟರು.

ಅವಳು ಗಂಡನ ಸುರಂಗಕ್ಕೆ ಫೋನು ಮಾಡಿದಳು. ಫೋನು ಇರುವುದು ಬಾಗಿಲಿನ ಹೊರಗಿನ ಕೋಣೆಯಲ್ಲಿ. ಅದು ರಿಂಗಾಯಿತು, ಆಗುತ್ತಲೇ ಇತ್ತು. ಹೊರಗೆ ಯಾರಾದರೂ ಒಬ್ಬನಿದ್ದರೂ ಎತ್ತಬೇಕಿತ್ತು. ಆ ದೀಪದ ಕಂಬ ಕಣ್ಣಮುಂದೆ ಬಂತು. ಎಲ್ಲರೂ ಒಳಗಿದ್ದಾರೆ ಎಂದು ಅವಳಿಗೆ ಖಚಿತವಾಯಿತು.

ಅವಳ ಮೇಜಿನ ಬದಿಯಲ್ಲಿ ಒಂದು ಕೀಲಿ ಇತ್ತು. ಅದನ್ನು ಒಂದು ಕಡೆ ತಿರುಗಿಸಿದರೆ ಕೇಬಲ್ಲಿನ ಕೊಂಡಿ ಮೈದಾನದ ಹಿಡಿಕೆಯ ಮಾತು ಕೇಳುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಈ ಕೋಣೆಯ ಮಾತು ಮಾತ್ರ. ತಿರುಗಿಸಿದರೆ ಮಂತ್ರಿಗಳು ಎಳೆಯುವುದು ಬರಿಯ ಹಿತ್ತಾಳೆ. ಏಳರ ನಂತರ ಒಕ್ಕೂಟದ ಕರೆಂಟನ್ನು ಒಡ್ಡಿನೊಳಗೆ ಬಿಟ್ಟುಕೊಂಡವರು ದೇಶದ್ರೋಹಿಗಳೆಂದು ಹೋದ ತಿಂಗಳಷ್ಟೇ ಕಾನೂನಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಜನ ಓಟು ಹಾಕಿ ಬೇಡವೆಂದದ್ದನ್ನು ಅವರಿಗೆ ತಿಳಿಯದಂತೆ ಅವರ ಮನೆಯೊಳಗೆ ಬಿಡುವುದಾಗಿತ್ತು. ಆ ಕೆಲಸ ಅವಳಿಗೆ ಅಸಹ್ಯವೆನಿಸಿತು.

"ಫೆಲ್ಸಿ, ನೀನು ಚಾ ಕುಡಿಲಿಕ್ಕೆ ಹೋಗು."

"ನಾನೆಲ್ಲಿಗೂ ಹೋಗುದಿಲ್ಲ," ಎಂದಳು ಫೆಲ್ಸಿ.

ವಾರಿಜಾ ಕೀಲಿ ತಿರುಗಿಸಿದಳು. ಆಮೇಲೆ ತೆಂಕಣ ಕೇಂದ್ರದ ಫೋನು ಎತ್ತಿದಳು.

"ಉಮರಬ್ಬರೆ, ನಾನು ಈಚೆಯಿಂದ ಬಿಡುದಿಲ್ಲ. ನೀವೂ ಬಿಡ್ಬೇಡಿ."

"ನಿಮ್ಮವರೇ ಬೇಡ ಅಂದದ್ದಲ್ವಾ ವಾರಿಜಕ್ಕ? ನಾಳೆ ನಿಮ್ಮ ಮಂತ್ರಿ, ಒಕ್ಕೂಟ ನಮ್ಮನ್ನು ಬಿಡ್ಲಿಲ್ಲ ಅಂತ ಹೇಳಿದ್ರೆ ನಾನು ಎಲ್ಲಿಗೆ ಹೋಗ್ಲಿ? ನನಗೂ ಮಕ್ಕಳುಂಟು."

"ಗೊತ್ತುಂಟು."

"ಹತ್ತು ದೇಶದ ಮುಂದೆ ನಿಮ್ಮವರು ನಮ್ಮನ್ನು ಎಷ್ಟು ಬೈದ್ರು. ಕಳ್ಳರು ಅಂದ್ರು."

"ಅಂದ್ರು. ನೀವು ಫ್ಯಾನ್ ನಿಲ್ಲಿಸಿದ್ರಿ, ನಾವು ಬೈದೆವು. ಅದೆಲ್ಲ ಉಂಟು. ಈಗ ನನ್ನ ಗಂಡ ಬಾಗಿಲಿನ ಒಳಗಿದ್ದಾರೆ ಉಮರಬ್ಬರೆ. ಅವರ ಹುಡುಗರೂ ಇದ್ದಾರೆ. ಫೋನ್ ಎತ್ತುದಿಲ್ಲ."

ಟೀವಿಯಲ್ಲಿ ಮಂತ್ರಿಗಳು ಹಿಡಿಕೆಯ ಮೇಲೆ ಕೈಯಿಟ್ಟರು. ಮೈದಾನ ಹಿಮ್ಮುಖವಾಗಿ ಎಣಿಸತೊಡಗಿತು. ಎಣಿಕೆ ಮುಗಿಯುವ ಮೊದಲು ಉಮರಬ್ಬರ ಸ್ವರ ಕೇಳಿತು, ಪಿಸುಮಾತಿನ ಹಾಗೆ.

"ಬಿಡ್ಲಾ?"

"ಬೇಡ. ಹಿಡ್ಕೊಳ್ಳಿ."

"ಹಿಡ್ಕೊಂಡಿದ್ದೇನೆ."

ಹಿಡಿಕೆ ಕೆಳಗೆ ಬಂತು. ಕಿಟಕಿಯಾಚೆ ಊರು ಒಮ್ಮೆಲೇ ಹುಟ್ಟಿತು. ಒಡ್ಡಿನ ಈ ಕೊನೆಯಿಂದ ಆ ಕೊನೆಯವರೆಗೆ ದೀಪ. ಗೋಡೆಯ ಮುಳ್ಳು ಕೆಳಗೆ ಜಾರಿತು, ಇನ್ನೂ ಜಾರಿತು, ಕೆಂಪು ಗೆರೆಯ ಹತ್ತಿರ ನಡುಗುತ್ತ ನಿಂತಿತು. ಎಲ್ಲೋ ದೂರದಲ್ಲಿ ಹತ್ತು ದೇಶಗಳ ಯಂತ್ರಗಳು, ತಮಗೆ ತಿಳಿಯದೆಯೇ, ಒಂದಿಷ್ಟು ಹೆಚ್ಚು ಬಲ ಹಾಕಿದವು. ಮುಳ್ಳು ನಿಧಾನವಾಗಿ ಮೇಲೆದ್ದಿತು. ಟೀವಿಯಲ್ಲಿ ಜನ ಅಳುತ್ತಿದ್ದರು, ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಮಂತ್ರಿಗಳು, ಈ ಬೆಳಕು ನಮ್ಮದು, ನಮ್ಮದು ಮಾತ್ರ, ಎಂದರು. ಫೆಲ್ಸಿ ಟೀವಿಯ ಸದ್ದು ತಗ್ಗಿಸಿದಳು.

ಆಮೇಲಿನದು ತಾಳ್ಮೆಯ ಕೆಲಸ. ಅಲೆಯಂತ್ರಗಳು ಒಂದೊಂದಾಗಿ ರೆಕ್ಕೆ ಬಿಚ್ಚಿದವು. ಅವು ಭಾರ ಹೊತ್ತಷ್ಟೂ ಕೇಬಲ್ಲಿನದು ಕಡಿಮೆ ಮಾಡುತ್ತ ಬಂದರು, ಇವಳು ಇಷ್ಟು, ಅವರು ಇಷ್ಟು. ಎಂಟಕ್ಕೆ ಸ್ವಲ್ಪ ಮುಂಚೆ ಕೇಬಲ್ಲಿನಲ್ಲಿ ಹರಿಯುವುದು ಏನೂ ಉಳಿಯಲಿಲ್ಲ.

"ಉಮರಬ್ಬರೆ," ಎಂದಳು ವಾರಿಜಾ. "ಬಿಡ್ಲಾ?"

"ಬಿಡಿ ವಾರಿಜಕ್ಕ. ಜಾಗ್ರತೆ."

ಅವಳು ಬಿಟ್ಟಳು. ಮುಳ್ಳು ಒಂಚೂರು ಅಲುಗಿ ನಿಂತಿತು. ಒಡ್ಡುನಾಡು ಒಕ್ಕೂಟವನ್ನು ನಿಜಕ್ಕೂ ಬಿಟ್ಟ ಆ ಕ್ಷಣದಲ್ಲಿ ಚಪ್ಪಾಳೆ ತಟ್ಟಲು ಯಾರೂ ಇರಲಿಲ್ಲ. ಒಬ್ಬಳು ಅಳುತ್ತಿದ್ದಳು, ಇನ್ನೊಬ್ಬಳು ಅವಳ ಬೆನ್ನು ಸವರುತ್ತಿದ್ದಳು.

ಮನೆಗೆ ಬಂದಾಗ ದಾಮೋದರ ಜಗಲಿಯಲ್ಲಿ ಕೂತಿದ್ದ. ಕೊರಳಲ್ಲಿ ಹಾರವಿತ್ತು, ಮುಖದಲ್ಲಿ ಹಬ್ಬವಿರಲಿಲ್ಲ. ಒಳಗೆ ಲಚ್ಚಕ್ಕ ನೆರೆಯವರಿಗೆ ಪಾಯಸ ಹಂಚುತ್ತಿದ್ದಳು.

"ಏಳಕ್ಕೆ ಪಂಪಿನ ಸ್ವರ ಒಮ್ಮೆ ಕುಗ್ಗಿ ಮತ್ತೆ ಹಳೇ ಸ್ವರಕ್ಕೇ ಬಂತು," ಎಂದ ಮೆಲ್ಲಗೆ. "ಎಂಟರ ಹತ್ರ ಒಂಚೂರು ಬದಲಾಯ್ತು. ಎಂತ ಮಾಡಿದ್ದು ನೀನು?"

ಅವಳು ಹೇಳಿದಳು, ಒಂದನ್ನೂ ಮುಚ್ಚಿಡದೆ.

"ಅಂದ್ರೆ ನಾವು ಕುಣಿದದ್ದು ಅವರ ಕರೆಂಟಿಗೆ," ಎಂದ. ಹಾರ ತೆಗೆದು ಕೆಳಗಿಟ್ಟ. "ನಾಡಿಗೆ ನಾಡೇ ನಿನ್ನ ಕಣ್ಣಿಗೆ ಕೋಡಂಗಿ ಆಯ್ತಲ್ಲ. ನಿನಗೆಂತ, ಉಳಿಯುದಕ್ಕೆ ಓಟು ಹಾಕಿದವಳು. ಖುಷಿಯೇ ಆಗಿರ್ಬೇಕು."

"ನಾನು ಬಿಡುದಕ್ಕೇ ಹಾಕಿದ್ದು."

ಅವನು ತಲೆ ಎತ್ತಿದ.

"ಅತ್ತೆ ಒದ್ದೆ ಸೀರೆ ಹೊದ್ದು ಮಲಗಿದ್ದನ್ನು ನೀವೊಬ್ಬರೇ ನೋಡಿದ್ದಾ? ಆ ವಾರ ಒಕ್ಕೂಟದವರಿಗೆ ಕರೆಂಟು ಇಳಿಸ್ಲಿಕ್ಕೆ ಈ ಕೈಯಿಂದ ಸಹಾಯ ಮಾಡಿದವಳು ನಾನು. ಬಿಡ್ಬೇಕು ಅಂತಲೇ ಹಾಕಿದ್ದು. ಬಿಡುವಾಗ ಕೇಳಿ ಬಿಡುವ ಅಂತ ನನ್ನ ಲೆಕ್ಕ, ಅಷ್ಟೇ." ಅವಳು ಉಸಿರು ತೆಗೆದುಕೊಂಡಳು. "ನಾನು ಫೋನ್ ಮಾಡಿದ್ದೆ. ಎಲ್ಲಿದ್ರಿ ನೀವು?"

ದಾಮೋದರ ಕೆಳಗಿಟ್ಟ ಹಾರವನ್ನು ಬದಿಗೆ ಸರಿಸಿದ.

"ಒಳಗೆ."

"ಎಷ್ಟು ಜನ?"

"ಎಲ್ಲರೂ. ಪಂಪಿನ ಎದುರು ದೀಪ ಇಟ್ಟು ಫೋಟೋ ತೆಗೆಯುವ ಅಂತ." ಅವನು ಅವಳ ಕಡೆ ತಿರುಗಿದ. "ಹೆಂಡ್ರು ಮಕ್ಕಳನ್ನೂ ಕರ್ಕೊಂಡು ಬನ್ನಿ ಅಂತ ನಾನೇ ಹೇಳಿದ್ದೆ. ಮಕ್ಕಳೇ ಸ್ವಿಚ್ಚು ಒತ್ತಿದ್ದು ವಾರಿಜ."

ಅವಳು ಅವನ ಪಕ್ಕ ಕೂತಳು. ಒಳಗಿನಿಂದ ಲಚ್ಚಕ್ಕ, ಪಾಯಸ ಆರಿಹೋಗ್ತದೆ, ಎಂದು ಕರೆದಳು. ಇಬ್ಬರೂ ಏಳಲಿಲ್ಲ.

ಕೀಲಿಯ ವಿಷಯ ಒಡ್ಡುನಾಡಿನಲ್ಲಿ ಹೊರಬೀಳಲಿಲ್ಲ. ಗೊತ್ತಿದ್ದವರು ಫೆಲ್ಸಿ ಮತ್ತು ದಾಮೋದರ, ಇಬ್ಬರೂ ಬಾಯಿ ಹೊಲಿದುಕೊಂಡರು. ಕಾರ್ಯದರ್ಶಿ ಬಂಗೇರರಿಗೆ ಅನುಮಾನವಿತ್ತು. ಕೆದಕಿದರೆ ತಮ್ಮ ಮಂತ್ರಿಗಳ ಹಿಡಿಕೆಯ ಮಾನ ಹೋದೀತೆಂದು ಅವರೂ ಸುಮ್ಮನಾದರು. ಆಚೆ ಕಡೆ ಹಾಗಾಗಲಿಲ್ಲ. ಸದಸ್ಯರಲ್ಲದ ದೇಶಕ್ಕೆ ಅನುಮತಿಯಿಲ್ಲದೆ ಕರೆಂಟು ಕೊಟ್ಟರೆಂದು ಉಮರಬ್ಬರನ್ನು ಮೇಜಿನಿಂದ ಎಬ್ಬಿಸಿ ಮನೆಗೆ ಕಳಿಸಿದರು. ಯಾಕೆ ಹಿಡಿದಿರಿ ಎಂದು ವಿಚಾರಣೆಯಲ್ಲಿ ಕೇಳಿದ್ದಕ್ಕೆ, ಆಚೆಯವರು ಬಿಡು ಅನ್ನಲಿಲ್ಲ, ಎಂದರಂತೆ.

ಬೇಸಿಗೆ ಬಂತು. ಸ್ವಂತ ಕರೆಂಟು ಸಾಲದೆ ಫ್ಯಾನು ಆಮೆಯ ಹಾಗೆ ತಿರುಗಿತು. ಜನ ಬೈಯಲು ಒಕ್ಕೂಟವಿಲ್ಲದೆ ಮಂತ್ರಿಗಳನ್ನು ಬೈದರು, ಹೊಸ ಅಲೆಯಂತ್ರ ಹೂಡಿದರು, ಹೇಗೋ ನಡೆಯಿತು.

ವರ್ಷ ತಿರುಗಿ ಬಿಡುಗಡೆಯ ದಿನ ಮತ್ತೆ ಬಂದಾಗ ಏಳಕ್ಕೆ ಶುರುವಾಗಿ ಒಂದೊಂದೇ ಕೇರಿಯಾಗಿ ನಾಡೆಲ್ಲ ದೀಪ ಬೆಳಗಿತು. ಈ ಸಲ ಕೇರಿಕೇರಿಗೆ ಸರದಿ ಹಾಕಿದ್ದವಳು ವಾರಿಜಾ. ಅವಳ ಮನೆ ಮಾತ್ರ ಕತ್ತಲಲ್ಲಿತ್ತು.

"ಎಂತ ಮೇಸ್ತ್ರಿಗಳೇ, ಬಿಲ್ಲು ಕಟ್ಟಲಿಲ್ವಾ?" ಎಂದು ಬೀದಿಯಲ್ಲಿ ಹೋಗುವವರು ತಮಾಷೆ ಮಾಡಿದರು. ಲಚ್ಚಕ್ಕ ಗೊಣಗಿದಳು. ದಾಮೋದರ ದೀಪದ ಕಂಬವನ್ನು ಎದುರಿಗಿಟ್ಟುಕೊಂಡು, ಸ್ವಿಚ್ಚಿನ ಮೇಲೆ ಕೈಯಿಡದೆ, ಕೂತೇ ಇದ್ದ. ಯಾಕೆಂದು ವಾರಿಜಾಳಿಗೂ ಹೇಳಿರಲಿಲ್ಲ.

ಎಂಟಕ್ಕೆ ಸ್ವಲ್ಪ ಮುಂಚೆ ಅವನು ಎದ್ದು, ಅವಳ ಫೋನು ತೆಗೆದುಕೊಂಡು, ಉಮರಬ್ಬರ ಮನೆಯ ಸಂಖ್ಯೆ ಹುಡುಕಿ ಒತ್ತಿದ. ಅದುವರೆಗೆ ಒಕ್ಕೂಟದ ಒಬ್ಬನ ಜೊತೆಯೂ ಮಾತಾಡದವನು.

"ಉಮರಬ್ಬರಾ? ನಾನು ದಾಮೋದರ ಅಂತ. ವಾರಿಜಳ ಗಂಡ. ಆವತ್ತು ಬಾಗಿಲಿನ ಒಳಗಿದ್ದವ."

ಆಚೆಯಿಂದ ಏನೋ ಮೆಲ್ಲಗೆ ಕೇಳಿಸಿತು. ದಾಮೋದರ ದೀಪದ ಸ್ವಿಚ್ಚಿನ ಮೇಲೆ ಕೈಯಿಟ್ಟ.

"ಹಚ್ಚಲಾ?" ಎಂದು ಕೇಳಿದ.

ಕಡಲಿನಷ್ಟು ದೂರದಿಂದ, ಕೆಲಸ ಕಳೆದುಕೊಂಡ ಮುದುಕರೊಬ್ಬರು, "ಹಚ್ಚಿ," ಎಂದರು.